ಹಿಂದಕ್ಕೆ ತೆಗೆದ ರಾಕೆಟ್

ಗುರುವಾರ, ಬೆಳಗ್ಗೆ

ಪ್ರೀತಿಯ ಡ್ರೈವರಮ್ಮನಿಗೆ,

ನಾನು ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಮನೆಯೂ ಕ್ಷೇಮ. ಹಾಲು ಮಾತ್ರ ದಿನಾ ಉಕ್ಕಿ ಹೋಗುತ್ತಿದೆ.

ನಾನು ಕಾರು ಕೊಂಡ ವಿಷಯಕ್ಕೆ ಜಗಳವಾಡಿ ನೀನು ಅಕ್ಕನ ಮನೆ ಸೇರಿ ಇವತ್ತಿಗೆ ಎರಡು ತಿಂಗಳು. "ನಾನು ಬಸ್ಸು, ನೀವು ಟ್ರೇಲರು. ಇಬ್ಬರೂ ಡ್ರೈವರಾಗಿರೋ ಮನೇಲಿ ಕಾರಲ್ಲಿ ಕೂರೋರು ಯಾರ್ರೀ?" ಎಂದು ನೀನು ಕೇಳಿದ್ದು ನ್ಯಾಯವಾಗಿಯೇ ಇತ್ತು. ನಿನ್ನ ಬಸ್ಸನ್ನು ನಾನು ದನದ ಕೊಟ್ಟಿಗೆ ಎನ್ನಬಾರದಿತ್ತು.

ಸೋಮವಾರ ನನಗೊಂದು ವಿಚಿತ್ರ ಲೋಡು ಸಿಕ್ಕಿತು. ಆಕಾಶಕ್ಕೆ ಹೋಗಿ, ಕೆಲಸ ಮುಗಿಸಿ, ಸಮುದ್ರದಲ್ಲಿ ನಿಂತ ಹಡಗಿನ ಮೇಲೆ ನೆಟ್ಟಗೆ ಬಂದಿಳಿದ ರಾಕೆಟ್ಟಿನ ಕೆಳಭಾಗ. ಮೂರು ಬಸ್ಸಿನಷ್ಟು ಉದ್ದ, ಒಳಗೆ ಖಾಲಿ. ಮೊದಲೆಲ್ಲ ಇದನ್ನು ಸಮುದ್ರಕ್ಕೆ ಬೀಳಲು ಬಿಡುತ್ತಿದ್ದರಂತೆ. ಈಗ ತಂದು, ತೊಳೆದು, ರಿಪೇರಿ ಮಾಡಿ ಮತ್ತೆ ಹಾರಿಸುತ್ತಾರಂತೆ. ಆಕಾಶದಿಂದ ಇಳಿಯಲು ಅದಕ್ಕೆ ಹಿಡಿದದ್ದು ಕೆಲವೇ ನಿಮಿಷ. ಬಂದರಿನಿಂದ ವರ್ಕ್‌ಶಾಪಿಗೆ ನನ್ನ ಟ್ರೇಲರಿನಲ್ಲಿ ಎರಡು ದಿನ.

ಪಕ್ಕದಲ್ಲಿ ಎಂಜಿನಿಯರ್ ಮೇಡಂ ಕೂತಿದ್ದರು. ರಸ್ತೆಯಲ್ಲಿ ಚಿಕ್ಕ ಕಲ್ಲು ಸಿಕ್ಕರೂ ಅವರ ಉಸಿರು ನಿಲ್ಲುತ್ತಿತ್ತು. "ಹೊಸದು ಮಾಡಿಕೊಳ್ಳೋದೇ ಸುಲಭ ಅಂತಾರೆ ನಮ್ಮ ಸಾಹೇಬ್ರು. ಇದನ್ನ ಇಳಿಸೋಕೆ ಹೆಚ್ಚು ಇಂಧನ ಹೊರಬೇಕು, ಹೀಗೆ ಹೊತ್ತು ತರಬೇಕು. ಎಲ್ಲಾ ತೂಗಿ ನೋಡಿದ್ರೂ ಮತ್ತೆ ಬಳಸೋದೇ ಮೇಲು ಅಂತ ಐದು ವರ್ಷದಿಂದ ವಾದ ಮಾಡ್ತಿದ್ದೀನಿ. ಇದೇ ಮೊದಲನೇದು. ಎಡವಟ್ಟಾದ್ರೆ ಇದೇ ಕೊನೇದು" ಎಂದರು. ಪಾಪ, ಕೈಯಲ್ಲಿದ್ದ ಫೈಲು ಬೆವರಿಗೆ ಒದ್ದೆಯಾಗಿತ್ತು.

ಎಡವಟ್ಟು ಮಂಗಳವಾರ ಬೆಳಗ್ಗೆ ಏಳಕ್ಕೇ ಆಯಿತು. ನಮ್ಮೂರ ಅಂಚಿನ ಒಂದು ತಿರುವಿನಲ್ಲಿ ನೀರಿನ ಪೈಪಿಗೆಂದು ಹಿಂದಿನ ದಿನವಷ್ಟೇ ಅರ್ಧ ರಸ್ತೆ ಅಗೆದಿದ್ದರು. ಉಳಿದರ್ಧದ ಅಂಚಿಗೆ ಭಾರಿ ಮರ, ಮರದಡಿ ಸೈಕಲ್ ಪಂಕ್ಚರ್ ಹಾಕುವ ಅಜ್ಜ. ಅಜ್ಜ ರಾಕೆಟ್ಟನ್ನು ತಲೆಯಿಂದ ಬಾಲದವರೆಗೆ ನೋಡಿ, "ಇದಕ್ಕೆ ಹಾಕೋ ಪ್ಯಾಚು ನನ್ನ ಹತ್ರ ಇಲ್ಲಪ್ಪಾ" ಎಂದ.

ಮೇಡಂ ಫೋನು ಮಾಡಿದರು. ಮರ ಕಡಿಸಿ, ಇಪ್ಪತ್ತು ನಿಮಿಷದ ಕೆಲಸ, ಅನುಮತಿ ನಾನು ತರುತ್ತೇನೆ ಎಂದರಂತೆ ಸಾಹೇಬರು. ಬೇರೆ ದಾರಿಗೆ ಹೋಗಬೇಕೆಂದರೆ ಒಂದೂವರೆ ಕಿಲೋಮೀಟರ್ ಹಿಂದಕ್ಕೆ ತೆಗೆಯಬೇಕು.

ಅಷ್ಟರಲ್ಲಿ ಹಿಂದಿನಿಂದ ಹಾರ್ನು. ತುಂಬಿದ ಸಿಟಿ ಬಸ್ಸು. ಡ್ರೈವರ್ ಸೀಟಿನಿಂದ ಖಾಕಿ ತೊಟ್ಟ ಹೆಂಗಸು ಇಳಿದು ಬರುತ್ತಿದ್ದಳು. ನೀನೇ ಎಂದುಕೊಂಡು ಟೋಪಿ ಸರಿಮಾಡಿಕೊಂಡೆ. ನೋಡಿದರೆ ನಿನ್ನ ಗೆಳತಿ, ಡಿಪೋದ ಗುಂಗುರು ಕೂದಲಿನವಳು.

"ಎಷ್ಟು ಜನ ಇದ್ದಾರೆ ಅದರೊಳಗೆ?" ಎಂದು ಕೇಳಿದಳು.

"ಯಾರೂ ಇಲ್ಲ."

"ಇಷ್ಟುದ್ದದ ಗಾಡೀಲಿ ಯಾರೂ ಇಲ್ಲ, ಅದಕ್ಕೆ ನನ್ನ ಅರವತ್ತು ಜನ ಕಾಯ್ಬೇಕಾ? ನಿಮ್ಮ ಕಾರಿಗಿಂತ ದೊಡ್ಡ ದಂಡ ಇದು!"

ನೋಡು, ನಮ್ಮ ಮನೆಯ ಜಗಳ ಡಿಪೋದವರೆಗೂ ತಲುಪಿದೆ.

ಮೇಡಂ ಮರಕ್ಕೆ ಒಂದು ಸುತ್ತು ಬಂದರು. ಆಮೇಲೆ ಮತ್ತೆ ಫೋನು ಹಿಡಿದು, "ಆಕಾಶದಿಂದ ಬಂದದ್ದನ್ನ ಉಳಿಸೋಕೆ ಹೋಗಿ ನೆಲದ ಮೇಲಿರೋದನ್ನ ಕಡಿದ್ರೆ ನನ್ನ ವಾದಕ್ಕೆ ಏನು ಅರ್ಥ ಉಳೀತು ಸಾರ್? ತಡ ಆದ್ರೆ ನನ್ನ ತಲೆಗೆ ಕಟ್ಟಿ" ಎಂದು ಇಟ್ಟೇಬಿಟ್ಟರು. ನನ್ನ ಕಡೆ ತಿರುಗಿ, "ಹಿಂದಕ್ಕೆ ತೆಗೀತೀರಾ?" ಎಂದರು. ನಾನು ಎರಡೂ ಬದಿಯ ಕನ್ನಡಿ ಸರಿಮಾಡಿಕೊಂಡೆ.

ನಿನ್ನ ಗೆಳತಿ ಮೊದಲು ತನ್ನ ಬಸ್ಸನ್ನು ಹಿಂದಕ್ಕೆ ತೆಗೆದು, ಪಕ್ಕದ ರಸ್ತೆಗೆ ಹಾಕಿ, ಸೀಟಿ ಹಿಡಿದು ನನ್ನ ಬೆನ್ನಿಗೆ ನಿಂತಳು. ಬಸ್ಸಿನವರೂ ಇಳಿದು ಎರಡೂ ಬದಿ ಸಾಲುಗಟ್ಟಿದರು. ಬ್ಯಾಂಕಿನವರು, ಟೀಚರು, ಬಾಣಸಿಗ, ಎಲ್ಲರೂ "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡ್!" ಎಂದು ಕೂಗುವವರೇ. ಆಫೀಸಿಗೆ ಹೊತ್ತಾಯಿತು ಎಂದು ಆಗತಾನೇ ರೇಗಿದ್ದ ದಪ್ಪ ಮೀಸೆಯವರು ರಾಕೆಟ್ಟಿಗೆ ಅಂಗೈ ಆನಿಸಿ, ತಾವೇ ತಳ್ಳುತ್ತಿರುವಂತೆ ಉದ್ದಕ್ಕೂ ನಡೆದರು. ಎರಡು ಮುಕ್ಕಾಲು ಗಂಟೆ! ಒಂದು ಗೀರೂ ಬೀಳಲಿಲ್ಲ. ಮೇಡಂ ಇಳಿದು ನಿನ್ನ ಗೆಳತಿಯನ್ನು ತಬ್ಬಿಕೊಂಡು ಅತ್ತರು. ನಾನು ಕನ್ನಡಿ ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡೆ. ಸಂಜೆಯೊಳಗೆ ವರ್ಕ್‌ಶಾಪ್ ತಲುಪಿದೆವು. ಅದು ಮುಂದಿನ ವರ್ಷ ಮತ್ತೆ ಹಾರುತ್ತದಂತೆ.

ಈಗ ಕಾರಿನ ನಿಜ ಹೇಳುತ್ತೇನೆ. ನನ್ನ ಟ್ರೇಲರ್ ನಿಲ್ಲುವ ಯಾರ್ಡು ಮನೆಯಿಂದ ಮೂರು ಕಿಲೋಮೀಟರ್. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಸುತ್ತಿ ಸುತ್ತಿ ಎಲ್ಲೋ ನಿಲ್ಲಿಸಿ, ಅಲ್ಲಿಂದ ಯಾರ್ಡಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ನಗಬೇಡ. ನಿನ್ನೆ ಬೀಗದ ಕೈಯನ್ನು ಮಹಡಿ ಮನೆಯ ನರ್ಸಮ್ಮನಿಗೆ ಒಪ್ಪಿಸಿದೆ. ಅವರ ಪಾಳಿ ಮುಗಿಯುವ ಹೊತ್ತಿಗೆ ಬಸ್ಸಿರುವುದಿಲ್ಲ. ಜೊತೆಗೆ ಇನ್ನೂ ಮೂವರು ನರ್ಸುಗಳು ಬರುತ್ತಾರೆ. ನಾಲ್ಕು ಸೀಟಿಗೂ ಈಗ ಕೆಲಸವಿದೆ.

ಮನೆಗೆ ಬಾ. ನಿಧಾನವಾಗಿಯೇ ಬಾ, ಆದರೆ ಬಾ.

ಇಂತಿ,
ನೀನು ಕೋಪದಲ್ಲಿ "ಬಸವನಹುಳು" ಎನ್ನುವ, ಪ್ರೀತಿ ಬಂದಾಗಲೂ ಹಾಗೇ ಎನ್ನುವ,
ನಿನ್ನ ಗಂಡ

ವಿ.ಸೂ.: ಕೊನೆಯ ಸ್ಟಾಪಿನಲ್ಲಿ ನಿನ್ನ ಬಸ್ಸು ಪೂರ್ತಿ ನಿಂತ ಮೇಲೆಯೇ ಇದನ್ನು ನಿನ್ನ ಕೈಗೆ ಕೊಡಲು ಕಂಡಕ್ಟರಿಗೆ ಹೇಳಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ರಸ್ತೆಯ ಹಳ್ಳಗಳನ್ನು ಬೈಯಿ. ಕೊನೆಯ ಸೀಟಿನಲ್ಲಿ ಟೋಪಿಯನ್ನು ಮುಖಕ್ಕೆಳೆದುಕೊಂಡು ಕೂತವನು ನಾನೇ. ಬೆಳಗಿನಿಂದ ಇದು ಮೂರನೇ ಟ್ರಿಪ್ಪು. ಮೊದಲೆರಡು ಸಲ ಧೈರ್ಯ ಬರಲಿಲ್ಲ.