ಬೀಗ ಮೊದಲು, ಮುಖ ಆಮೇಲೆ

ಮಾರ್ಚ್ 3, ಬೆಳಿಗ್ಗೆ 7

ಕಾಲೇಜಿನ ಕಿರುಚಿತ್ರಕ್ಕೆ ಮತ್ತೆ ಶಾಟ್ ಪಟ್ಟಿ. ನಾಲ್ಕನೇ ಸಲ ಹರಿದು ಬರೆದೆ. ಕಥೆ ಇಷ್ಟೇ — ಹೊಲಿಗೆ ಫ್ಯಾಕ್ಟರಿಯ ಹೆಂಗಸು ಸ್ಟೋರ್ ರೂಮಿಗೆ ಹೋಗುತ್ತಾಳೆ. ಮಾಲೀಕ ಹೊರಗಿನಿಂದ ಬೀಗ ಜಡಿಯುತ್ತಾನೆ. ಒಟ್ಟು ಎಂಟು ನಿಮಿಷ.

ಮೊದಲು ಬೀಗದ ಕ್ಲೋಸಪ್, ಮೂರು ಸೆಕೆಂಡು. ಆಮೇಲೆ ಅವಳು, ದೂರದಿಂದ, ಏನೂ ತಿಳಿಯದೆ ಬಟ್ಟೆ ಮಡಚುತ್ತಾ. ನೋಡುವವರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಆ ಅಂತರದಲ್ಲೇ ಜನ ಉಸಿರು ಬಿಗಿಹಿಡಿಯಬೇಕು. ಉಸಿರು ಕಟ್ಟಿದವರಿಗೇ ಸಿಟ್ಟು ಬರುವುದು. ಕಾರ್ಮಿಕ ಸಂಘದ ಕರಪತ್ರಗಳು ಹೇಳುವುದೂ ಅದನ್ನೇ — ಸಿಟ್ಟಿಲ್ಲದೆ ಯಾವ ಬಾಗಿಲೂ ತೆರೆದಿಲ್ಲ.

ನಾಯಕಿ ನನ್ನ ಅಕ್ಕ. ಹನ್ನೊಂದು ವರ್ಷದಿಂದ ಶರ್ಟ್ ಹೊಲಿಯುತ್ತಿದ್ದಾಳೆ. ಬಣ್ಣ ಬಳಿದ ನಟಿ ಯಾಕೆ ಬೇಕು?

ಮಾರ್ಚ್ 5, ಸಂಜೆ

ಕಾಲೇಜಿನ ಹಳೆ ಸ್ಟೋರ್ ರೂಮಿನಲ್ಲಿ ರಿಹರ್ಸಲ್. ಕ್ಯಾಮೆರಾಕ್ಕೆ ನನ್ನ ಕ್ಲಾಸಿನವನು — ಕಾಲು ಅಗಲಿಸಿ ಅಲುಗಾಡದೆ ನಿಲ್ಲುತ್ತಾನೆ, ಅದಕ್ಕೇ ಎಲ್ಲರಿಗೂ ಅವನು ‘ಸ್ಟ್ಯಾಂಡು’. ಬಾಗಿಲು ಬರೀ ಮುಚ್ಚಿತ್ತು. ಅಕ್ಕ ತಳ್ಳಿದ ಹಾಗೆ ಮಾಡಿದಳು. ಆಮೇಲೆ ಬಸ್ಸಿಗೆ ಕಾಯುವವಳಂತೆ ನಿಂತಳು.

“ಅಕ್ಕಾ, ಭಯ ಪಡು!”

“ಪಡ್ತಾ ಇದೀನಲ್ಲೇ.”

“ಮುಖದಲ್ಲಿ ಕಾಣ್ತಾ ಇಲ್ಲ.”

“ಮುಖದಲ್ಲಿ ತೋರಿಸಿಬಿಟ್ರೆ ಸೂಪರ್‌ವೈಸರ್ ತಲೆ ಮೇಲೆ ಕೂರ್ತಾನೆ. ಅಭ್ಯಾಸ ತಪ್ಪಿಹೋಗಿದೆ ಕಣೇ.”

ಸ್ಟ್ಯಾಂಡು ಕಿಸಕ್ಕನೆ ನಕ್ಕ. ನನಗೆ ಮೈಯೆಲ್ಲ ಉರಿ.

ಮಾರ್ಚ್ 6

ಕ್ಯಾಮೆರಾ ನೆಲಕ್ಕಿಟ್ಟು ನೋಡಿದೆ. ಬಾಗಿಲ ಸಂದಿಯ ಬೆಳಕು, ಅದರಲ್ಲಿ ದಾಟುವ ನೆರಳು... ಎಲ್ಲ ಸರಿ. ಮುಖ ಮಾತ್ರ ಉಪ್ಪಿಲ್ಲದ ಊಟ.

ನಾಳೆ ನಿಜವಾಗಿ ಬೀಗ ಹಾಕುತ್ತೇನೆ. ಅಕ್ಕನಿಗೆ ಹೇಳುವುದಿಲ್ಲ. ನಲವತ್ತು ಸೆಕೆಂಡು, ಅಷ್ಟೇ. ಅವಳಂಥವರಿಗಾಗಿಯೇ ತಾನೆ ಈ ಸಿನಿಮಾ.

ಮಾರ್ಚ್ 7

ಸಿಕ್ಕಿತು!

ಒಳಗೆ ಕ್ಯಾಮೆರಾ ತಾನೇ ಓಡುತ್ತಿತ್ತು. ಹೊರಗೆ ನಾನೂ ಸ್ಟ್ಯಾಂಡೂ ಮೊಬೈಲಿನಲ್ಲಿ ನೋಡುತ್ತಿದ್ದೆವು. ಬೀಗ ತೆಗೆದಾಗ ಅಕ್ಕ ಚಪ್ಪಲಿ ಮೆಟ್ಟಿ ನೇರ ಹೊರಟುಹೋದಳು. ಸಿಟ್ಟು ಇಳಿಯುತ್ತದೆ.

ಮಾರ್ಚ್ 12, ಸಂಜೆ

ಇಳಿದಿಲ್ಲ. ಐದು ದಿನದಿಂದ ತಟ್ಟೆ ಇಡುತ್ತಾಳೆ, ಮಾತಿಲ್ಲ.

ಇವತ್ತು ಕೆಲಸ ಮುಗಿಸಿ ನೇರ ಎಡಿಟಿಂಗ್ ರೂಮಿಗೆ ಬಂದಳು. “ತೋರಿಸು” ಎಂದಳು. ತೋರಿಸಿದೆ.

ಬಾಗಿಲು ತಳ್ಳುತ್ತಾಳೆ. ಇನ್ನೊಮ್ಮೆ. ಆಮೇಲೆ ಬಾಗಿಲಿಗೆ ಬೆನ್ನು ಹಾಕಿ ಮೇಜಿನ ಕೆಳಗೆ, ಬಟ್ಟೆ ರಾಶಿಯ ಹಿಂದೆ ಹುಡುಕುತ್ತಾಳೆ. “ಪುಟ್ಟೀ, ಎಲ್ಲಿದೀಯೇ? ಹೆದರ್ಬೇಡ, ನಾನಿದೀನಿ...” ನಾನು ಸದ್ದಿಲ್ಲದೆ ಹೊರಬಂದದ್ದನ್ನು ಅವಳು ನೋಡಿರಲಿಲ್ಲ; ನಾನೂ ಒಳಗೇ ಸಿಕ್ಕಿಕೊಂಡಿದ್ದೇನೆ ಎಂದುಕೊಂಡಿದ್ದಳು. ನಾನು ಕೇಳಿದ್ದ ಮುಖ ಬಂದದ್ದು ಆಗ.

“ಎಷ್ಟು ಹೊತ್ತು ಹಾಕಿದ್ದೆ ಬೀಗ?”

“ನಲವತ್ತು ಸೆಕೆಂಡು.”

“ನಮ್ಮಲ್ಲಿ ನಲವತ್ತು ಸೆಕೆಂಡಿಗೆ ಒಂದು ತೋಳು ಹೊಲೀಬೇಕು. ಕೈ ತಾನಾಗೇ ಎಣಿಸ್ತಿರುತ್ತೆ. ಮೂರು ತೋಳು ಮುಗಿದಿತ್ತು ಕಣೇ. ನಾಲ್ಕನೇದು ಅರ್ಧಕ್ಕೆ ಬಂದಿತ್ತು.”

ಎರಡು ನಿಮಿಷ ಇಪ್ಪತ್ತು ಸೆಕೆಂಡು. ಎರಡು ಸಲ ಲೆಕ್ಕ ಹಾಕಿದೆ. ಅಷ್ಟರಲ್ಲಿ ಸ್ಪೀಕರಿನಿಂದ ಬಾಗಿಲಾಚೆಯ ದನಿ. ಮೈಕು ಹಿಡಿದುಬಿಟ್ಟಿತ್ತು. ಸ್ಟ್ಯಾಂಡು: “ಸಾಕು, ತೆಗಿಯೇ.” ನಾನು: “ಬೇಡ, ಇನ್ನೊಂದು ಚೂರು. ಮುಖ ಈಗ ಬರ್ತಿದೆ.”

ಅಕ್ಕ ಎದ್ದಳು. “ಹಾಕ್ಕೋ, ಬೇಡ ಅನ್ನಲ್ಲ. ಆದ್ರೆ ಈ ದನಿ ಸಮೇತ ಹಾಕು. ಹೊರಗೆ ನಿಂತಿದ್ದೋರು ಯಾರು ಅಂತ ಜನಕ್ಕೂ ಗೊತ್ತಾಗ್ಲಿ.”

ಮಾರ್ಚ್ 14, ಮಧ್ಯಾಹ್ನ 3

ಸಿನಿಮಾ ಕ್ಲಾಸಿನ ಮೇಷ್ಟ್ರು ನೋಡಿದರು. ಎರಡು ಸಲ ನೋಡಿದರು.

“ಶಾಟ್ ಅಂದ್ರೆ ಇದು! ಆ ಹೊರಗಿನ ಮಾತು ತೆಗೆದುಬಿಡು, ಚಿತ್ರೋತ್ಸವಕ್ಕೆ ಇದನ್ನೇ ಕಳಿಸ್ತೀನಿ. ಇಟ್ಟರೆ ನಿನ್ನನ್ನ ಕಾಲೇಜಿನ ಶಿಸ್ತು ಕಮಿಟಿ ಮುಂದೆ ನಿಲ್ಲಿಸಬೇಕಾಗುತ್ತೆ, ನೋಡ್ಕೋ.”

ಐದಕ್ಕೆ ಸಬ್‌ಮಿಷನ್.

4.20

ದನಿ ಮ್ಯೂಟ್ ಮಾಡಿ ನೋಡಿದೆ. ಬಾಗಿಲಾಚೆ ಮಾಲೀಕ ನಿಂತಂತಿದೆ. ಎದೆ ಡವಡವ. ಅದ್ಭುತ.

ದನಿ ಹಾಕಿ ನೋಡಿದೆ. ಮಾಲೀಕ ಎಲ್ಲೂ ಇಲ್ಲ.

4.41

ಮಾಲೀಕನ ಮೂರು ಶಾಟ್ ಕಿತ್ತು ಹಾಕಿದೆ. ಆ ಪಾತ್ರಕ್ಕೆ ನನ್ನ ದನಿ ಸಾಕು.

“ಕಮಿಟಿ ಮುಂದೆ ಏನಂತೀಯೇ?” ಅಲುಗಾಡದೆ ನಿಲ್ಲುವ ಸ್ಟ್ಯಾಂಡು ರೂಮಿನ ತುಂಬ ಓಡಾಡುತ್ತಿದ್ದ.

“ಎರಡು ನಿಮಿಷ ಇಪ್ಪತ್ತು ಸೆಕೆಂಡು ಅಂತೀನಿ.”

ಎಕ್ಸ್‌ಪೋರ್ಟ್ ಒತ್ತಿದೆ. ಶೇಕಡಾ ಅರವತ್ತು. ಕಾರಿಡಾರಿನಲ್ಲಿ ಮೇಷ್ಟ್ರ ಬೂಟಿನ ಸದ್ದು. ಬಂದವರೇ ಆ ಮಾತು ತೆಗೆದೆನಾ ಅಂತ ನೋಡಲು ಹೆಡ್‌ಫೋನ್ ಕೇಳುತ್ತಾರೆ. ಕೊಡುತ್ತೇನೆ. ಎಪ್ಪತ್ತೆಂಟು. ಬಾಗಿಲು ತಟ್ಟುತ್ತಿ—