ಹಿನ್ನೀರಿನ ಬಸವನಹುಳು

ಹೆಣ್ಣುಮಕ್ಕಳ ಹಾಸ್ಟೆಲ್,
ಕೊಟ್ಟೂರು
೧೪ ಡಿಸೆಂಬರ್ ೧೯೮೩

ಪ್ರೀತಿಯ ಅಣ್ಣ ಕರಿಸಿದ್ದಪ್ಪನಿಗೆ,

ನಿನ್ನ ತಂಗಿ ಪಾಲಮ್ಮನ ನಮಸ್ಕಾರ. ದೀಪಾವಳಿಗೆ ಊರಿಗೂ ಬರಲಿಲ್ಲ, ಕಾಗದವನ್ನೂ ಹಾಕಲಿಲ್ಲ, ನೀನು ಬೈದುಕೊಂಡಿರುತ್ತೀಯ. ಬೈದುಕೋ, ನನಗೇನೂ ಬೇಜಾರಿಲ್ಲ. ಟೆಸ್ಟು, ಪ್ರಾಕ್ಟಿಕಲ್ಲು, ರೆಕಾರ್ಡು ಬರೆಯುವುದು, ಇವುಗಳ ನಡುವೆ ತಲೆ ಕೆರೆದುಕೊಳ್ಳುವುದಕ್ಕೂ ಪುರಸೊತ್ತಿರಲಿಲ್ಲ. ಇಲ್ಲಿ ಊಟ ಪರವಾಗಿಲ್ಲ, ರೊಟ್ಟಿ ಮಾತ್ರ ಚಪ್ಪಡಿಕಲ್ಲು. ಅವ್ವನಿಗೆ ನಾನು ದಪ್ಪಗಾಗಿದ್ದೇನೆ ಎಂದು ಹೇಳು. ಸುಳ್ಳಾದರೂ ಅವಳಿಗೆ ಸಮಾಧಾನ.

ಈ ಕಾಗದವನ್ನು ಯಾರ ಕೈಲೂ ಓದಿಸಬೇಡ. ಏಳನೆಯ ತರಗತಿಯವರೆಗೆ ಕಲಿತವನು ನೀನು, ತಡವರಿಸಿಕೊಂಡಾದರೂ ನೀನೇ ಓದು. ಕುರಿ ಬಿಟ್ಟು ಮರದ ಕೆಳಗೆ ಕೂತಾಗ ಓದು, ಅವಸರವೇನಿಲ್ಲ.

ಬಿ.ಎಸ್ಸಿ. ಮೊದಲ ವರ್ಷದಲ್ಲಿ ನಮಗೆ ಜೀವಶಾಸ್ತ್ರ ಹೇಳುವವರು ಬೊಮ್ಮಪ್ಪ ಮೇಷ್ಟ್ರು. ಅರ್ಧ ಪಾಠ ಆದ ಮೇಲೆ ಪುಸ್ತಕ ಮುಚ್ಚಿಸಿ ನಮ್ಮನ್ನು ಕೆರೆಗೆ ಹೊರಡಿಸುತ್ತಾರೆ. ನೀರು, ಕೆಸರು, ಹುಲ್ಲು, ಹುಲ್ಲಿನ ಮೇಲಿನ ಹುಳು, ಆ ಹುಳು ತಿನ್ನುವ ಹಕ್ಕಿ, ಎಲ್ಲ ಒಂದಕ್ಕೊಂದು ಗಂಟು ಬಿದ್ದಿವೆ, ಒಂದನ್ನು ಎಳೆದರೆ ಇನ್ನೊಂದು ಅಲುಗುತ್ತದೆ, ಪರಿಸರ ಎಂದರೆ ಇಷ್ಟೇ ಎನ್ನುತ್ತಾರೆ. ಹೋದ ತಿಂಗಳು ಬಸವನಹುಳು ಹಿಡಿಯಲು ಕರೆದೊಯ್ದಿದ್ದರು. ಪೇಟೆಯ ಹುಡುಗಿಯರು ಲಂಗ ಎತ್ತಿ ಹಿಡಿದು ದಂಡೆಯಲ್ಲೇ ನಿಂತರು. ನಾನು ಮೊಣಕಾಲುದ್ದ ಇಳಿದು ಡಬ್ಬಿ ತುಂಬ ಹಿಡಿದು ತಂದೆ. ಕುರಿಯವರ ಹುಡುಗಿಗೆ ಕೆಸರೆಂದರೆ ಮದುವೆಮನೆ ಎಂದು ಅವರಲ್ಲೊಬ್ಬಳು ಬಸಲಿಂಗಮ್ಮ ನಕ್ಕಳು. ನಗಲಿ ಬಿಡು, ಟೆಸ್ಟಿನಲ್ಲಿ ಅವಳು ನನ್ನ ಹಿಂದೆ.

ಮರುದಿನ ಮೇಷ್ಟ್ರು ಕಟುಕರ ಅಂಗಡಿಯಿಂದ ಒಂದು ಕುರಿಯ ಕಲೀಜ ತರಿಸಿ, ಟ್ರೇಯಲ್ಲಿಟ್ಟು ಸೀಳಿದರು. ಒಳಗಿನ ನಾಳದಿಂದ ಚಪ್ಪಟೆ ಹುಳುಗಳು ಜಾರಿ ಬಂದವು, ಒಣಗಿದ ಎಲೆಯ ಚೂರಿನ ಹಾಗೆ. ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಬಗ್ಗಿ ಒಂದನ್ನು ಅಂಗೈಗೆ ಎತ್ತಿಕೊಂಡೆ.

ಆ ಹುಳು ನಿನಗೂ ಗೊತ್ತು ಅಣ್ಣ. ಹೋದ ವರ್ಷ ನಮ್ಮ ಕುರಿಗಳಿಗೆ ಗದ್ದದ ಕೆಳಗೆ ನೀರಿನ ಚೀಲದಂಥ ಬಾವು ಬಂದು, ಮೇವು ಬಿಟ್ಟು ಸಾಯತೊಡಗಿದವಲ್ಲ, ನಾನು ರಜೆಗೆ ಬಂದಿದ್ದೆ. ಸತ್ತ ಕುರಿಯೊಂದನ್ನು ನೀನು ಕೊಯ್ದು, ಇದೇ ಹುಳುವನ್ನು ಅಂಗೈಯಲ್ಲಿಟ್ಟು ಅಪ್ಪನಿಗೆ ತೋರಿಸಿದೆ. ದೇವರ ಮುನಿಸು, ಮೈಲಾರಪ್ಪನ ಮುನಿಸು ಎಂದು ಅಪ್ಪ ಅದನ್ನು ಕಾಲಲ್ಲಿ ಹೊಸಕಿ ಹಾಕಿದ. ನಾನು ಹಾಸ್ಟೆಲಿಗೆ ಮರಳಿದ ಮೇಲೆ ಆ ಮುನಿಸಿಗೆ ಕಾರಣ ಹುಡುಕಿದಿರಿ. ಅದೇ ವರ್ಷ ಮನೆ ತುಂಬಿದ ಅತ್ತಿಗೆ ಮರುಳಸಿದ್ದಮ್ಮ ಸಿಕ್ಕಳು. ಹೊರಗಾದಾಗ ಕುರಿಹಟ್ಟಿಯೊಳಗೆ ಕಾಲಿಟ್ಟಳು ಎಂದರು. ಇಟ್ಟಿಲ್ಲ ಎಂದು ಅವಳು ಮೈಲಾರಪ್ಪನ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದಳಂತೆ. ಅವ್ವನೇ ನನಗೆ ಹೇಳಿದ್ದು, ಕಣ್ಣೊರೆಸಿಕೊಳ್ಳುತ್ತ. ಸ್ವಲ್ಪ ದಿನ ತವರಿನಲ್ಲಿದ್ದು ಬರಲಿ ಎಂದು ಕಳಿಸಿದವರು ವರ್ಷ ಕಳೆದರೂ ಕರೆಯಲಿಲ್ಲ. ಈಗ ಅಪ್ಪ ಕೂಡ್ಲಿಗಿ ಕಡೆ ನಿನಗೆ ಬೇರೆ ಹೆಣ್ಣು ನೋಡುತ್ತಿದ್ದಾನೆ ಎಂಬ ಸುದ್ದಿ ಇಲ್ಲಿಯವರೆಗೂ ಬಂದಿದೆ.

ಈಗ ಕಿವಿಗೊಟ್ಟು ಕೇಳು. ರೋಗದ ಕುರಿಯ ಹಿಕ್ಕೆಯಲ್ಲಿ ಆ ಹುಳುವಿನ ತತ್ತಿ ಇರುತ್ತದೆ. ಹಿಕ್ಕೆ ನೀರಿಗೆ ಬಿದ್ದರೆ ತತ್ತಿ ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಈಜಿಕೊಂಡು ಹೋಗಿ ಬಸವನಹುಳುವಿನ ಮೈ ಹೊಗುತ್ತದೆ. ಅಲ್ಲಿ ಬೆಳೆದು, ಬಾಲ ಬಂದು, ಹೊರಬಿದ್ದು, ನೀರಿನಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಆ ಹುಲ್ಲು ತಿಂದ ಕುರಿಯ ಕಲೀಜ ಸೇರುತ್ತದೆ. ಬಾಲದ ಮರಿಯನ್ನು ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ. ಹೋದ ವರ್ಷ ಹೊಳೆಯ ಹಿನ್ನೀರು ಇಳಿದಾಗ, ಕೆಸರಿನಲ್ಲಿ ಎದ್ದ ಹಸಿರು ಕಂಡು ನಮ್ಮ ಹಿಂಡನ್ನು ಅಲ್ಲಿಗೆ ಹೊಡೆದವನು ಯಾರು? ಅಪ್ಪ. ಅವನಿಗೆ ಹೀಗೆ ನೇರ ಹೇಳಬೇಡ, ಕೋಲು ಎತ್ತುತ್ತಾನೆ. ಬಸವನಹುಳುವಿನ ಮೇಲೆ ಹಾಕಿ ಹೇಳು, ಅದಕ್ಕೆ ಬೇಜಾರಾಗುವುದಿಲ್ಲ.

ನಾನು ಮೇಷ್ಟ್ರ ಹತ್ತಿರ ಎಲ್ಲ ಕೇಳಿಕೊಂಡೆ. ದನದ ಆಸ್ಪತ್ರೆಯಲ್ಲಿ ಕುರಿಗೆ ಕುಡಿಸುವ ಔಷಧಿ ಸಿಗುತ್ತದೆ. ಹಿಂಡನ್ನು ನೀರಿನಂಚಿಗೆ ಬಿಡದೆ ಗಟ್ಟಿ ನೆಲದಲ್ಲಿ ಮೇಯಿಸು. ಅಪ್ಪ ಒಪ್ಪದಿದ್ದರೆ ಸಂಕ್ರಾಂತಿಗೆ ನಾನೇ ಬಂದು, ಸತ್ತ ಕುರಿ ಇದ್ದರೆ ಅವನ ಎದುರಿಗೇ ಕೊಯ್ದು ತೋರಿಸುತ್ತೇನೆ. ನನ್ನ ಕೈ ಈಗ ನಿನ್ನ ಕೈಗಿಂತ ಚುರುಕು. ಕಾಲೇಜಿಗೆ ಕಳಿಸಿದರೆ ಹುಡುಗಿ ಕೆಡುತ್ತಾಳೆ ಎಂದವರೆಲ್ಲ ಆಗ ಬಂದು ನಿಲ್ಲಲಿ. ಅದಕ್ಕೂ ಮೊದಲು ನೀನು ಹಗರಿಬೊಮ್ಮನಹಳ್ಳಿಗೆ ಹೋಗಿ ಅತ್ತಿಗೆಯನ್ನು ಕರೆದುಕೊಂಡು ಬಾ. ಬೇರೆ ಹೆಣ್ಣಿನ ಮಾತಿಗೆ ಹೂಂ ಅಂದೆಯೋ, ನಾನು ನಿನ್ನ ಮನೆ ಹೊಸ್ತಿಲು ತುಳಿಯುವುದಿಲ್ಲ, ತಿಳಿದುಕೋ.

ಅಪ್ಪ ಅವ್ವರಿಗೆ ನಮಸ್ಕಾರ. ಮೈಲಾರಪ್ಪ ನಿನ್ನನ್ನೂ ಹಿಂಡನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಗಯ್ಯಾಳಿ ತಂಗಿ,
ಪಾಲಮ್ಮ

ತಾ.ಕ.: ಇಲ್ಲಿಗೇ ಮುಗಿಸಿ ಅಂಚೆಗೆ ಹಾಕಬೇಕೆಂದಿದ್ದೆ, ಮನಸ್ಸು ತಡೆಯಲಿಲ್ಲ. ಕಾಗದವನ್ನು ಹಾಗೇ ಇಟ್ಟು, ಭಾನುವಾರ ನಾನೇ ಬಸ್ಸು ಹತ್ತಿ ಅತ್ತಿಗೆಯನ್ನು ಕಂಡು ಬಂದೆ. ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುತ್ತ ಕೂತಿದ್ದಳು, ತಲೆಯ ತುಂಬ ಹೊಟ್ಟು. ನಾನು ಹಾರಿಕೊಂಡು ಹೋದವಳು, ನೆಲದ ಮೇಲೆ ಹುಳುವಿನ ಚಿತ್ರ ಗೀಚಿ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನಿನ್ನದೇನೂ ತಪ್ಪಿಲ್ಲ ಅತ್ತಿಗೆ, ಕಾಲೇಜಿನಲ್ಲೇ ಖಾತ್ರಿಯಾಯಿತು ಎಂದೆ. ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ.

“ನಂದು ತಪ್ಪಿಲ್ಲ ಅಂಬೋದು ನನಗ ಅವತ್ತ ಗೊತ್ತಿತ್ತು ಪಾಲಿ,” ಎಂದಳು. “ಭಂಡಾರ ಮುಟ್ಟಿ ನಿಮ್ಮಣ್ಣನ ಮಾರಿ ನೋಡಿದೆ. ಅವ ಆ ಕಡಿ ತಿರುಗಿ ಕುರಿ ಮೈ ಸವರಕೊಂತ ನಿಂತಿದ್ದ. ಅದು ಯಾಕ ಅಂತ ನಿನ್ನ ಪುಸ್ತಕದಾಗ ಬರದೈತೇನು?”

ನೆಲದ ಮೇಲಿನ ಚಿತ್ರವನ್ನು ಅಂಗೈಯಲ್ಲಿ ಅಳಿಸಿ ಎದ್ದು ಬಂದೆ ಅಣ್ಣ. ಬಸ್ಸಿನಲ್ಲಿ ಕೊಟ್ಟೂರಿನವರೆಗೂ ಅತ್ತೆ. ಹುಳುವಿನ ಕತೆಯನ್ನು ಅಪ್ಪನಿಗೆ ಹೇಳು, ಊರಿಗೆಲ್ಲ ಹೇಳು. ಅವಳ ಮುಂದೆ ಮಾತ್ರ ಎತ್ತಬೇಡ.