ಗೌಡರಿಗೊಂದು ಸಿಂಬಿ

ಫೆಬ್ರವರಿ ೩೦, ಕ್ರಿ.ಶ. ೨೩೧೧

ಆಡಳಿತ ಮಂಡಳಿಯ ಮಾನ್ಯ ಪೂರ್ವಜರೇ, ಮುಂದಿನ ಸಾಲಿನ ಕುರ್ಚಿಗಳ ಮಹಾಪ್ರಭುಗಳೇ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಸಮಪಾಲು ಸಿಕ್ಕಿದೆ. ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಮ್ಮ ಮನೆಗಳಲ್ಲಿ ‘ಹಂಚುಗೋಡೆ’ ಇದೆ. ಇವತ್ತು ರೊಟ್ಟಿ ಯಾರು ಬಡಿಯಬೇಕು, ಪಾತ್ರೆ ಯಾರು ತಿಕ್ಕಬೇಕು ಎಂದು ಬೆಳಿಗ್ಗೆ ಅದೇ ಕೂಗಿ ಹೇಳುತ್ತದೆ. ಗೋಡೆಗೆ ಮೀಸೆಯೂ ಕಾಣದು, ಬಳೆಯೂ ಕೇಳದು. ನನ್ನ ಗಂಡನ ರೊಟ್ಟಿ ಮಾತ್ರ ಈಗಲೂ ಭೂಪಟದಂತಿರುತ್ತದೆ. ಮುನ್ನೂರು ವರ್ಷದಲ್ಲಿ ಎಲ್ಲವೂ ಸುಧಾರಿಸುವುದಿಲ್ಲ.

ನಮ್ಮ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ‘ಹೊರೆಹಬ್ಬ’. ಅಂದು ಮಂಡಳಿಯವರು ಜರಿಪಂಚೆಯುಟ್ಟು, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ತುಂಬಿದ ಕೊಡ ಹೊತ್ತು, ಬಿಸಿಲಲ್ಲಿ ಸಾಲಾಗಿ ನಿಂತು ವಿದ್ಯಾರ್ಥಿನಿಯರನ್ನು ಸ್ವಾಗತಿಸುತ್ತಾರೆ. ಏನು ಸಂಭ್ರಮ, ಎಷ್ಟು ಶಿಳ್ಳೆ! ಇದರ ಬೇರು ಹಾವೇರಿ ಸೀಮೆಯ ನಿಮ್ಮ ಮಹಿಳಾ ಕಾಲೇಜಿನಲ್ಲಿದೆ. ಅಲ್ಲಿ ಅತಿಥಿಗಳು ಬಂದಾಗಲೆಲ್ಲ ಹುಡುಗಿಯರು ಪೂರ್ಣಕುಂಭ ಹೊತ್ತು ಎರಡೆರಡು ತಾಸು ಗೇಟಿನ ಬಳಿ ಕಾಯುತ್ತಿದ್ದರಂತೆ. ಇತಿಹಾಸ ಕಲಿಸುತ್ತಿದ್ದ ಕಸ್ತೂರಿ ಹೊಂಬಳ ಎಂಬಾಕೆ ಒಂದು ದಿನ ಪಾಠದ ನಡುವೆ ಪ್ರಾಸ ಕಟ್ಟಿಬಿಟ್ಟರು: ‘ನಮ್ಮ ತಲೆಗೆ ಕುಂಭ, ಅವರ ತಲೆಗೆ ಜಂಭ!’ ತರಗತಿ ಬೆಂಚು ಬಡಿಯಿತು. ಈ ವಾರ್ಷಿಕೋತ್ಸವಕ್ಕೆ ಕುಂಭ ಮಂಡಳಿಯವರೇ ಹೊರಲಿ, ನಾವು ಒಳಗೆ ಕುರ್ಚಿಯ ಮೇಲೆ ಕೂರುತ್ತೇವೆ ಎಂದು ಮೂವತ್ತೆರಡು ಹುಡುಗಿಯರು ಅರ್ಜಿಗೆ ಸಹಿ ಹಾಕಿದರು.

ಚೇರ್ಮನ್ ವಿರೂಪಾಕ್ಷಗೌಡರು ಸ್ಟಾಫ್ ರೂಮಿಗೇ ನುಗ್ಗಿದರು. ‘ಏನ್ರೀ ಮೇಡಂ, ಗಂಡಸ್ರು ಕುಂಭ ಹೊತ್ತದ್ದು ಎಲ್ಯಾರ ನೋಡೀರೇನು? ತಲಿ ಕೆಟ್ಟೈತೇನ್ರೀ?’

ಹಾಜರಿ ಪುಸ್ತಕ ತಂದಿದ್ದ ಫಕ್ಕೀರವ್ವ ಎಂಬ ಹುಡುಗಿ ಬಲು ಮರ್ಯಾದೆಯಿಂದ ಹೇಳಿದಳು: ‘ಅಂಜಬ್ಯಾಡ್ರಿ ಸರ. ಸಿಂಬಿ ನಾನ ಸುತ್ತಿ ಕೊಡ್ತೀನಿ.’

ಮಧ್ಯಾಹ್ನವೇ ಮೆಮೊ ಬಂತು. ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಹನ್ನೊಂದರೊಳಗೆ ಕಸ್ತೂರಿ ಹೊಂಬಳ ಕ್ಷಮಾಪಣೆ ಬರೆದುಕೊಡಬೇಕು. ಇಲ್ಲವಾದರೆ ಹದಿನೆಂಟು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಆಕೆ ಬರೆದುಕೊಟ್ಟರೇ? ನಮ್ಮ ದಾಖಲೆಗಳಲ್ಲಿ ಆ ಪುಟವಿಲ್ಲ. ಪೂರ್ವಜರೇ, ನನ್ನ ಬಿನ್ನಹ ಇಷ್ಟೇ: ಅಂದು ನಿಮ್ಮಲ್ಲಿ ಒಬ್ಬರಾದರೂ ಒಂದು ಕೊಡ ಎತ್ತಿರಿ. ಕತ್ತು ಮುರಿಯುವುದಿಲ್ಲ, ನಾವು ಮುನ್ನೂರು ವರ್ಷದಿಂದ ಪರೀಕ್ಷಿಸಿ ನೋಡಿದ್ದೇವೆ.

ಸಾಕು. ಇದು ೨೩೧೧ ಅಲ್ಲ. ಕಸ್ತೂರಿ ಹೊಂಬಳ ನಾನೇ. ಹತ್ತು ಮುಕ್ಕಾಲಾಗಿದೆ. ಹೊರಗೆ ಗೇಟಿನ ಹತ್ತಿರ ಮೂವತ್ತೆರಡು ಜನ ಬರಿದಲೆಯಲ್ಲಿ ನಿಂತು ಕೇಕೆ ಹಾಕುತ್ತಿದ್ದಾರೆ. ಕ್ಷಮಾಪಣೆಗೆಂದು ಪ್ರಿನ್ಸಿಪಾಲರು ಕೊಟ್ಟದ್ದು ಒಂದೇ ಹಾಳೆ. ಅದರ ಎರಡೂ ಬದಿ ಈಗ ತುಂಬಿಹೋಗಿದೆ. ಇದನ್ನೇ ಕಳಿಸುತ್ತಿದ್ದೇನೆ.